ಅಲ್ಲಿ ಮಳೆ ಆಯ್ತಾ?

ಅವ್ವನ ಫೋನು ಯಾವತ್ತೂ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ. ‘ಅಲ್ಲಿ ಮಳೆ ಆಯ್ತಾ?’ ಊಟ ಆಯ್ತಾ, ಮಗ ಸ್ಕೂಲಿಗೆ ಹೋದನಾ ಅನ್ನುವುದೆಲ್ಲ ಆಮೇಲೆ. ನಮ್ಮ ಚಳ್ಳಕೆರೆ ಕಡೆ ಹೇಗಿದ್ದೀಯ ಅಂತ ಕೇಳುವುದೇ ಹೀಗೆ. ವರ್ಷಕ್ಕೆ 20 ಇಂಚು ಮಳೆ ಬಿದ್ದರೆ ‘ಈ ಸಲ ಪರವಾಗಿಲ್ಲ’ ಅನ್ನುವ ಸೀಮೆ ಅದು.

2022ರ ಜುಲೈನಲ್ಲಿ ಅವ್ವ ಹಾಗೆ ಕೇಳಿದಾಗ ನಾನು ಶಿರಸಿಯಿಂದ 14 ಕಿಲೋಮೀಟರ್ ಒಳಗಿನ ಹಳ್ಳಿಯೊಂದರ ಹಂಚಿನ ಮನೆ ಜಗಲಿಯಲ್ಲಿ ಕೂತಿದ್ದೆ. ಒಂಬತ್ತು ದಿನದಿಂದ ಮಳೆ ಬಿಟ್ಟಿರಲಿಲ್ಲ. ಒಗೆದ ಬಟ್ಟೆಗಳನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆವು. ಮಗನ ಯೂನಿಫಾರಂ ಸದಾ ಹೊಗೆ ವಾಸನೆ ಹೊಡೆಯುತ್ತಿತ್ತು. ಚಪ್ಪಲಿಗೆ ಬೂಷ್ಟು ಬಂದಿತ್ತು. ‘ಹ್ಞೂಂ, ಸ್ವಲ್ಪ ಬಂತವ್ವಾ’ ಅಂದೆ. ಸುಳ್ಳು. ಹಸಿದವರ ಮುಂದೆ ಕೂತು ತೇಗಿದ ಹಾಗಾಗುತ್ತದೆ ಅಂತ ನಿಜ ಹೇಳಲಿಲ್ಲ. ಆದರೆ ಹಂಚಿನ ಮೇಲೆ ಬೀಳುವ ಸದ್ದು ಫೋನಿನಲ್ಲೇ ಕೇಳಿಸಿರಬೇಕು. ‘ಈ ಕಡೀಗೂ ಒಂದಿಷ್ಟು ಕಳಿಸವ್ವಾ’ ಅಂದಳು.

ನಾವು ಶಿರಸಿ ಸೀಮೆಗೆ ಯಾಕೆ ಬಂದೆವು ಅಂತ ಈಗಲೂ ಜನ ಕೇಳುತ್ತಾರೆ. ನನ್ನದು ಚಳ್ಳಕೆರೆ, ಗಂಡನದು ಜಗಳೂರು. ಎರಡೂ ಕಡೆ ಆಕಾಶ ಜಾಸ್ತಿ, ನೀರು ಕಮ್ಮಿ. ಬೆಂಗಳೂರಿನ ನಾಗರಭಾವಿಯಲ್ಲಿ 14 ವರ್ಷ ಬಾಡಿಗೆಗಿದ್ದೆವು. ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುವವಳು. ಗಂಡನದು ಸಾಫ್ಟ್‌ವೇರ್. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಎಲ್ಲರ ಹಾಗೆ ನಾವೂ ಮನೆಯಲ್ಲೇ ಕೂತು ಕೆಲಸ ಮಾಡಿದೆವು. ಎರಡು ವರ್ಷ ಕಳೆದ ಮೇಲೂ ಅವರ ಆಫೀಸಿನವರು ವಾಪಸ್ ಬಾ ಅನ್ನಲಿಲ್ಲ. ಆಗ ನಮ್ಮಿಬ್ಬರಿಗೂ ಒಂದೇ ಯೋಚನೆ: ಎಲ್ಲಿದ್ದರೇನು, ಕೆಲಸ ನಡೆಯುತ್ತದಲ್ಲ, ಹಾಗಿದ್ದರೆ ನೀರು ಇರುವ ಕಡೆ ಯಾಕಿರಬಾರದು?

ಸ್ವಂತ ಊರಿಗೇ ಹೋಗಬಹುದಿತ್ತಲ್ಲ ಅಂತ ಚಿಕ್ಕಪ್ಪ ಬೇಜಾರು ಮಾಡಿಕೊಂಡರು. ಅವರಿಗೆ ಬೋರ್‌ವೆಲ್ ನೆಪ ಹೇಳಿದೆ. ನಿಜವಾದ ಕಾರಣ ಬೇರೆ. ಸ್ವಂತ ಊರಿಗೆ ಹೋದರೆ ನಾನು ಮತ್ತೆ ಇಂಥವರ ಮಗಳು, ಇಂಥವರ ಸೊಸೆ. ಯಾರ ಮದುವೆಗೆ ಹೋಗಲಿಲ್ಲ, ಯಾರಿಗೆ ಮುಯ್ಯಿ ಕಮ್ಮಿ ಹಾಕಿದೆ ಅಂತ ಲೆಕ್ಕ ಇಡುವವರು ಅಲ್ಲಿ ನನಗಿಂತ ದೊಡ್ಡ ಅಕೌಂಟೆಂಟರು. ಯಾರಿಗೂ ಏನೂ ಆಗಿರದ ಊರಿನಲ್ಲಿ ಒಮ್ಮೆ ಇರಬೇಕು ಅನ್ನಿಸಿತ್ತು.

ಮೊದಲು ಕೊಳ್ಳುವ ಉತ್ಸಾಹವೇ ಇತ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಂಗಳು ಹೋದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಗಿತ್ತು. ಬೆಂಗಳೂರಿನವರೆಲ್ಲ ಶನಿವಾರ ಭಾನುವಾರ ಕಾರು ಹತ್ತಿ ಜಮೀನು ನೋಡಲು ಹೊರಟಿದ್ದ ಕಾಲ. ಒಬ್ಬ ಬ್ರೋಕರ್ ನಮ್ಮನ್ನು ಗುಡ್ಡದ ತುದಿಗೆ ಕರೆದುಕೊಂಡು ಹೋಗಿ, ಕೆಳಗಿನ ಅಡಿಕೆ ತೋಟದಿಂದ ಎದುರಿನ ಕಾಡಿನ ತನಕ ಕೈ ಬೀಸಿ ‘ಇಷ್ಟೂ ನಿಮ್ಮದೇ ಸಾರ್’ ಅಂದ. ಪಹಣಿ ನೋಡಿದರೆ ನಮ್ಮದಾಗುವುದು ಒಂದು ಎಕರೆ ಎರಡು ಗುಂಟೆ. ಉಳಿದದ್ದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದುಕೊಳ್ಳಲಿ ಅಂತ ಬ್ರಿಟಿಷರ ಕಾಲದಲ್ಲಿ ತೋಟಿಗರಿಗೆ ಬಿಟ್ಟುಕೊಟ್ಟ ಕಾಡು ಅದು. ಎಕರೆ ತೋಟಕ್ಕೆ 9 ಎಕರೆ ತನಕ ಬೆಟ್ಟದ ಲೆಕ್ಕ. ಸೊಪ್ಪು ಕಡಿಯುವ ಹಕ್ಕು ಮಾತ್ರ ತೋಟಿಗರದ್ದು, ನೆಲ ಅರಣ್ಯ ಇಲಾಖೆಯದ್ದು. ಇನ್ನೊಂದು ಕಡೆ ಚಂದದ ಮನೆ ತೋರಿಸಿದರು. ಮನೆ ಕೂತ ಜಾಗವೇ ಅತಿಕ್ರಮಣ. ಮುಕ್ಕಾಲಿಗಿಂತ ಜಾಸ್ತಿ ಕಾಡೇ ಇರುವ ಜಿಲ್ಲೆಯಲ್ಲಿ ಈ ಮಾತು ಪ್ರತಿ ಚಹಾ ಅಂಗಡಿಯಲ್ಲೂ ಕೇಳುತ್ತದೆ. ತಲೆಮಾರುಗಳಿಂದ ಉಳುತ್ತಿರುವವರಿಗೇ ಇನ್ನೂ ಪಟ್ಟಾ ಸಿಕ್ಕಿಲ್ಲ, ನಾವು ಯಾವ ಲೆಕ್ಕ? ಕೊಳ್ಳುವ ಆಸೆ ಅಲ್ಲಿಗೆ ಬಿಟ್ಟೆವು. ಈಗ ಯೋಚಿಸಿದರೆ ಆ ಎರಡು ತಿಂಗಳ ಓಡಾಟದಲ್ಲಿ ನಾವು ಮಾಡಿದ ಒಂದೇ ಬುದ್ಧಿವಂತಿಕೆ ಅದು.

ಕೊನೆಗೆ ಸಿಕ್ಕಿದ್ದು ಬಾಡಿಗೆ ಮನೆ. ಮಾಲೀಕರ ಮಕ್ಕಳು ಇಬ್ಬರೂ ಹೊರಗೆ. ಮನೆ ಮುಚ್ಚಿಟ್ಟರೆ ಗೆದ್ದಲು ಹಿಡಿಯುತ್ತದೆ ಅಂತ ತಿಂಗಳಿಗೆ 4,500ಕ್ಕೆ ಕೊಟ್ಟರು. ನಾಗರಭಾವಿಯಲ್ಲಿ 21,000 ಕೊಡುತ್ತಿದ್ದ ನಮಗೆ ಅದು ಲಾಟರಿ ಹೊಡೆದ ಹಾಗೆ. ನಾನು, ಗಂಡ, ಮಗ, ಅತ್ತೆ. ಎದುರಿಗೆ ತೋಟ, ಹಿಂದೆ ಗುಡ್ಡ. ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ತಾನಾಗೇ ಇಳಿದು ಬರುವ ನೀರು. ಅದಕ್ಕೆ ಅಬ್ಬಿ ನೀರು ಅನ್ನುತ್ತಾರೆ. ಪಂಪಿಲ್ಲ, ಕರೆಂಟಿಲ್ಲ, ನಲ್ಲಿಯೂ ಇಲ್ಲ. ಹಗಲೂ ರಾತ್ರಿ ಕಲ್ಲಿನ ತೊಟ್ಟಿಗೆ ಸುಮ್ನೆ ಸುರಿಯುತ್ತಿರುತ್ತದೆ. ಮೊದಲ ರಾತ್ರಿ ನನಗೂ ಅತ್ತೆಗೂ ನಿದ್ದೆ ಬರಲಿಲ್ಲ. ನೀರು ಪೋಲಾಗುವ ಸದ್ದು ಕೇಳಿಕೊಂಡು ಮಲಗುವ ಅಭ್ಯಾಸ ನಮ್ಮ ಕಡೆಯವರಿಗೆ ಎಲ್ಲಿದೆ? ಎರಡು ಸಲ ಎದ್ದು ಹೋಗಿ ಪೈಪಿಗೆ ಬಟ್ಟೆ ತುರುಕಿ ಬಂದೆ. ಬೆಳಿಗ್ಗೆ ಕೆಳಗಿನ ಮನೆಯ ಅಜ್ಜ ಮೇಲೆ ಹತ್ತಿ ಬಂದರು. ‘ಎಂತ ತಂಗಿ, ನಮ್ಮನೆ ನೀರು ನಿಂತು ಹೋಗದೆ?’ ನಮ್ಮ ತೊಟ್ಟಿ ತುಂಬಿ ಹರಿದ ನೀರೇ ಅವರ ಕೊಟ್ಟಿಗೆಗೆ ಹೋಗುವುದು ಅಂತ ನನಗೇನು ಗೊತ್ತು?

ಅಜ್ಜನ ಪರಿಚಯ ಆಗಿದ್ದು ಹಾಗೆ. ಆಮೇಲೆ ಆ ಊರಿನಲ್ಲಿ ನಾವು ಕಲಿತದ್ದರಲ್ಲಿ ಅರ್ಧ ಅವರಿಂದಲೇ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಬೇಕು. ಗುಡುಗು ಶುರುವಾದರೆ ಮೋಡೆಮ್ಮಿನ ಎರಡೂ ವಯರ್ ಕಿತ್ತಿಡಬೇಕು. ಉಂಬಳ, ಅಂದರೆ ಜಿಗಣೆ, ಹತ್ತಿದರೆ ಎಳೆಯಬಾರದು, ಕವಳದ (ಎಲೆ ಅಡಿಕೆಯ) ಸುಣ್ಣ ಮುಟ್ಟಿಸಬೇಕು. ಯಾರ ಮನೆಗೆ ಹೋದರೂ ಮೊದಲು ‘ಆಸ್ರಿಗೆ ಎಂತ ಬೇಕು?’ ಅನ್ನುತ್ತಾರೆ. ಅದು ಕುಡಿಯಲು ಏನು ಕೊಡಲಿ ಅಂತ. ‘ಏನೂ ಬೇಡ’ ಅನ್ನುವ ಉತ್ತರ ಆ ಊರಿನಲ್ಲಿ ಇಲ್ಲವೇ ಇಲ್ಲ.

ಎಲ್ಲ ಹೀಗೇ ಸಿಹಿಯಾಗಿತ್ತು ಅಂದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ಎಷ್ಟೋ ಜನ ಬಹಳ ಮೆತ್ತಗೆ ಒಂದು ಪ್ರಶ್ನೆ ಕೇಳಿದರು: ‘ನಿಮ್ಮ ಮನೆದೇವ್ರು ಯಾವ್ದು?’ ಯಾವ ಜಾತಿ ಅಂತ ನೇರವಾಗಿ ಕೇಳದೆ ತಿಳಿದುಕೊಳ್ಳುವ ದಾರಿ ಅದು. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಇದೇ ಪ್ರಶ್ನೆ ‘ವೆಜ್ಜಾ, ನಾನ್‌ವೆಜ್ಜಾ?’ ಅಂತ ಬರುತ್ತಿತ್ತು. ಎರಡಕ್ಕೂ ಉತ್ತರ ಕೊಟ್ಟು ಅಭ್ಯಾಸವಾಗಿದೆ. ಮನೆದೇವರ ಹೆಸರು ಹೇಳಿದ ಮೇಲೆ ಕೆಲವರ ಮನೆಯಲ್ಲಿ ಚಹಾ ಜಗಲಿಗೆ ಬರುತ್ತಿತ್ತು, ಕೆಲವರ ಮನೆಯಲ್ಲಿ ನಾವು ಒಳಗೆ ಹೋಗುತ್ತಿದ್ದೆವು. ಮಗನಿಗೆ ಮೊಟ್ಟೆ ಇಷ್ಟ. ಶಿರಸಿಯಿಂದ ಅಕ್ಕಿ ಚೀಲದ ಅಡಿಯಲ್ಲಿಟ್ಟು ತರುತ್ತಿದ್ದೆ. ಸಿಪ್ಪೆಯನ್ನು ಬಾಳೆ ಬುಡದಲ್ಲಿ ಹೂಳುತ್ತಿದ್ದೆ. ಯಾರೂ ತರಬೇಡಿ ಅಂದಿರಲಿಲ್ಲ. ಆದರೂ ಹೂಳುತ್ತಿದ್ದೆ. ಒಂದು ದಿನ ಅಜ್ಜನ ಮನೆ ನಾಯಿ ಆ ಬುಡವನ್ನೆಲ್ಲ ಕೆದರಿ ಅಂಗಳದ ತುಂಬ ಸಿಪ್ಪೆ ಹರಡಿತು. ಅಜ್ಜ ನೋಡಿದರು, ಕವಳ ಉಗಿದರು, ‘ಗೊಬ್ಬರಕ್ಕೆ ಒಳ್ಳೇದೇಯ’ ಅಂದು ತೋಟಕ್ಕೆ ಇಳಿದರು.

ಇನ್ನೊಂದು ಕೊರತೆ ಇತ್ತು. ಅದು ನನಗೇ ಅರ್ಥವಾಗಲು ವರ್ಷ ಹಿಡಿಯಿತು. ಸಂಜೆಯಾದರೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಆಮೇಲೆ ಗೊತ್ತಾಯಿತು, ಆ ಊರಿನಲ್ಲಿ ಸೂರ್ಯ ಮುಳುಗುವುದು ಕಾಣುವುದೇ ಇಲ್ಲ. ನಾಲ್ಕೂವರೆಗೆ ಅಡಿಕೆ ಮರದ ಹಿಂದೆ ಹೋಗುತ್ತಾನೆ, ಆಮೇಲೆ ಗುಡ್ಡದ ಹಿಂದೆ, ಅಷ್ಟೆ, ಕತ್ತಲೆ. ನಮ್ಮ ಹೊಲದಲ್ಲಿ ಶೇಂಗಾ ಬಳ್ಳಿ ಕಿತ್ತು ಸೊಂಟ ನೆಟ್ಟಗೆ ಮಾಡಿದರೆ ಭೂಮಿ ಮುಗಿಯುವ ಗೆರೆ ಕಾಣುತ್ತದೆ. ಎರಡು ಮೈಲಿ ಆಚೆ ಬರುತ್ತಿರುವ ಬಸ್ಸಿನ ಧೂಳು ಕಾಣುತ್ತದೆ. ಶಿರಸಿಯ ಹಳ್ಳಿಯಲ್ಲಿ ಯಾರಾದರೂ ಬರುವುದು ಗೊತ್ತಾಗುವುದು ಅವರು ಅಂಗಳಕ್ಕೆ ಬಂದ ಮೇಲೆಯೇ. ಹಸಿರು ಚಂದ ಅಂತ ಬಂದವಳಿಗೆ ಆ ಹಸಿರೇ ಗೋಡೆ ಅನ್ನಿಸಿದ್ದನ್ನು ಯಾರ ಹತ್ತಿರ ಹೇಳುವುದು? ಬೆಂಗಳೂರಿನ ಗೆಳತಿಯರು ದಿನಾ ಫೋಟೋ ಕಳಿಸು ಅನ್ನುತ್ತಿದ್ದರು.

ಆ ವರ್ಷವೇ ಇನ್ನೊಂದು ತಮಾಷೆ ಆಯಿತು. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ, ನಮ್ಮ ಕಡೆಯವರ ಬಾಯಲ್ಲಿ ಮಾರಿಕಣಿವೆ, ತುಂಬಿ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು ಆಗಲೇ, 89 ವರ್ಷಕ್ಕೆ. ಜನ ಟ್ರ್ಯಾಕ್ಟರ್ ಮಾಡಿಕೊಂಡು ನೋಡಲು ಹೋದರು. ಅವ್ವ ವಿಡಿಯೋ ಕಾಲ್ ಮಾಡಿ ಕೋಡಿ ನೀರು ತೋರಿಸಿ ನಗುತ್ತಿದ್ದಳು. ‘ನೀನು ನೀರು ಹುಡ್ಕೊಂಡು ಹೋದೆ, ನೀರು ನಿನ್ನ ಹುಡ್ಕೊಂಡು ಇಲ್ಲಿಗೆ ಬಂದೈತೆ ನೋಡು.’

ಲೆಕ್ಕ ಬರೆಯುವವಳು ನಾನು, ಹಾಗಾಗಿ ಲೆಕ್ಕವನ್ನೂ ಹೇಳುತ್ತೇನೆ. ಬಾಡಿಗೆಯಲ್ಲಿ ಉಳಿದದ್ದು 16,500. ಪೆಟ್ರೋಲಿಗೆ ಹೋದದ್ದು ತಿಂಗಳಿಗೆ 8,000 ಆಸುಪಾಸು. ಇನ್ವರ್ಟರ್ ಮತ್ತು ಎರಡು ಬ್ಯಾಟರಿಗೆ 38,000. ಅಜ್ಜ ಹೇಳುವ ಮೊದಲೇ ಸಿಡಿಲಿಗೆ ಸುಟ್ಟ ಮೋಡೆಮ್ ಒಂದು, ಹೇಳಿದ ಮೇಲೂ ಮರೆತು ಸುಟ್ಟದ್ದು ಎರಡು. ಮಂಗಗಳು ಒಡೆದ ಹಂಚಿನ ಲೆಕ್ಕ ಇಟ್ಟಿಲ್ಲ. ಒಂದು ಸಲ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ ಮೇಲೆ ನೋಡಿದರೆ ಕೊತ್ತಂಬರಿ ಇಲ್ಲ. ಗಂಡ ಉತ್ಸಾಹದಲ್ಲಿ ಬೈಕ್ ಹತ್ತಿದರು. 10 ರೂಪಾಯಿ ಕೊತ್ತಂಬರಿ ಕಟ್ಟಿಗೆ ಹೋಗಿ ಬರಲು 28 ಕಿಲೋಮೀಟರ್. ಹಳ್ಳಿಯಲ್ಲಿ ಖರ್ಚು ಕಮ್ಮಿ ಅನ್ನುವುದು ಹಳ್ಳಿಯವರಂತೆ ಬದುಕಲು ಬಲ್ಲವರಿಗೆ. ಪಕ್ಕದವರು ಕೊತ್ತಂಬರಿ ಇಲ್ಲದಿದ್ದರೆ ಒಂದೆಲಗ ಕಿತ್ತು ತಂಬುಳಿ ಮಾಡುತ್ತಾರೆ. ನಮಗೆ ಉಪ್ಪಿಟ್ಟೇ ಆಗಬೇಕು, ಅದಕ್ಕೆ ಕೊತ್ತಂಬರಿಯೂ ಆಗಬೇಕು.

ಇನ್ನು 2023ರ ಜುಲೈ ಕಥೆ. ಆ ವರ್ಷ ಜೂನಿನಲ್ಲಿ ಮಳೆಯೇ ಇರಲಿಲ್ಲ. ಆರಿದ್ರ ಮಳೆ ಆರದೆ ಹೊಯ್ಯುತ್ತದೆ ಅನ್ನುತ್ತಾರಲ್ಲ, ಅದು ಆರಿಯೇ ಹೋಯಿತು. ಪುನರ್ವಸುವಿನಲ್ಲಿ ಶುರುವಾಗಿದ್ದು ಬಾಕಿ ತೀರಿಸುವವರ ಹಾಗೆ ಸುರಿಯಿತು. 18ರ ಸಂಜೆ ಕರೆಂಟ್ ಹೋಯಿತು. 19 ಇಡೀ ದಿನ ಇಲ್ಲ. ಆ ರಾತ್ರಿ ಎರಡು ಗಂಟೆಗೆ ಇನ್ವರ್ಟರ್ ಕುಂಯ್ ಕುಂಯ್ ಅಂದು ಸತ್ತಿತು. ಬೆಳಗಾದರೆ 20ನೇ ತಾರೀಖು.

ಜಿಎಸ್‌ಟಿ ಗೊತ್ತಿರುವವರಿಗೆ ತಿಂಗಳ 20 ಅಂದರೆ ಏನು ಅಂತ ಹೇಳಬೇಕಿಲ್ಲ. ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟುವ ಕೊನೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಬಡ್ಡಿ. ದುಡ್ಡಿಗಿಂತ ಜಾಸ್ತಿ, ನಂಬಿದ ಗಿರಾಕಿಯ ಮುಂದೆ ಮುಖ ಕೆಡುತ್ತದೆ. ನನ್ನ ಹತ್ತಿರ ಒಂಬತ್ತು ಜನರ ರಿಟರ್ನ್ ಬಾಕಿ ಇತ್ತು. ಲ್ಯಾಪ್‌ಟಾಪಿನಲ್ಲಿ ಶೇಕಡ 11 ಚಾರ್ಜು. ಫೈಬರ್ ಸತ್ತು ಎರಡು ದಿನ. ಮೊಬೈಲ್‌ನಲ್ಲಿ ಇಂಟರ್ನೆಟ್ ಸಿಗುವುದು ಗುಡ್ಡದ ಮೇಲಿನ ಒಂದು ಬಂಡೆಯಲ್ಲಿ ಮಾತ್ರ. ಊರಿನವರು ಅದಕ್ಕೆ ನೆಟ್‌ವರ್ಕ್ ಬಂಡೆ ಅಂತಲೇ ಹೆಸರಿಟ್ಟಿದ್ದಾರೆ. ಟವರಿನ ಡೀಸೆಲ್ ಮುಗಿದು ಅವತ್ತು ಆ ಬಂಡೆಯೂ ಬರೀ ಬಂಡೆ.

ಕಾರು ತೆಗೆದೆವು. ಒಂದು ಕಿಲೋಮೀಟರ್ ಹೋಗುವುದರೊಳಗೆ ರಸ್ತೆಗೆ ಅಡ್ಡ ಮತ್ತಿ ಮರ ಬಿದ್ದಿತ್ತು. ದೊಡ್ಡದು, ಇಬ್ಬರು ತಬ್ಬಿದರೂ ಸಿಗದಷ್ಟು. ಅಲ್ಲಿ ಆಗಲೇ ಏಳೆಂಟು ಜನ ಸೇರಿದ್ದರು. ಯಾರು ಯಾರಿಗೆ ಹೇಳಿದರೋ, ಫೋನಂತೂ ಇರಲಿಲ್ಲ. ತಲೆಗೆ ಕಂಬಳಿ ಕೊಪ್ಪೆ, ಕೈಯಲ್ಲಿ ಕತ್ತಿ, ಒಬ್ಬನ ಹೆಗಲಿಗೆ ಮರ ಕೊಯ್ಯುವ ಮೆಷಿನ್ನು. ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು, ಮರದ ಮೇಲೆ ನಿಂತು ಕೊಂಬೆ ಕಡಿಯುತ್ತಿದ್ದ. ನನ್ನ ಗಂಡನೂ ಇಳಿದು ಸೊಪ್ಪು ಎಳೆದರು. ನಾನು ಕಾರಿನಲ್ಲಿ ಲ್ಯಾಪ್‌ಟಾಪ್ ಬ್ಯಾಗನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತಿದ್ದೆ. ಅರ್ಧ ಗಂಟೆಯಾದರೂ ಕಾಂಡ ಅಲುಗಲಿಲ್ಲ. ಆ ಕಡೆಯಿಂದ ಹಾಲಿನ ಕ್ಯಾನು ಒಯ್ಯುವ ವ್ಯಾನು ಬಂದು ನಿಂತಿತ್ತು. ಯಾರೋ ಅಂದರು, ‘ಅಮ್ಮಾರಿಗೆ ಶಿರಸಿಗೆ ಹೋಗೂದು ಅರ್ಜೆಂಟ್ ಅದೆ ಮಾರಾಯಾ, ಕೂರ್ಸ್ಕ್ಯಂಡು ಹೋಗು.’ ಇಬ್ಬರು ಕೈ ಹಿಡಿದು ಮರ ದಾಟಿಸಿದರು. ಬ್ಯಾಗನ್ನು ಮೂರನೆಯವನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಕೊಟ್ಟ. ಕ್ಯಾನುಗಳ ನಡುವೆ ಕೂತು ಶಿರಸಿ ತಲುಪಿದೆ.

ಐದು ರಸ್ತೆ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಜನರೇಟರ್ ಓಡುತ್ತಿತ್ತು. ಸ್ಟೂಲಿನ ಮೇಲೆ ಕೂತು, ಪಕ್ಕದಲ್ಲಿ ಹುಡುಗರು ಮಾರ್ಕ್ಸ್‌ಕಾರ್ಡ್ ಲ್ಯಾಮಿನೇಟ್ ಮಾಡಿಸುತ್ತಿರುವಾಗ, ಒಂಬತ್ತು ಜನರಿಗೂ ಫೋನು ಮಾಡಿ ಒಟಿಪಿ ಕೇಳಿ ಕೇಳಿ ಎಲ್ಲ ಮುಗಿಸಿದಾಗ ರಾತ್ರಿ ಏಳೂಮುಕ್ಕಾಲು. ಅಂಗಡಿಯವರು 40 ರೂಪಾಯಿ ತಗೊಂಡರು. ಎರಡು ಚಹಾ ಅವರೇ ಕೊಡಿಸಿದ್ದರು.

ಅವತ್ತು ನಾನು ಅತ್ತಿದ್ದೂ ಹೌದು, ಆ ಊರನ್ನು ಅತಿ ಹೆಚ್ಚು ಪ್ರೀತಿಸಿದ್ದೂ ಹೌದು. ನಾಗರಭಾವಿಯಲ್ಲಿ 14 ವರ್ಷದಲ್ಲಿ ನನ್ನ ಕೈ ಹಿಡಿದು ರಸ್ತೆ ದಾಟಿಸಿದವರು ಒಬ್ಬರೂ ಇಲ್ಲ. ಆದರೆ ನಾಗರಭಾವಿಯಲ್ಲಿ ಹಾಗೆ ದಾಟಿಸಬೇಕಾದ ಸಂದರ್ಭವೇ ಬಂದಿರಲಿಲ್ಲ ಅನ್ನುವುದನ್ನೂ ಬರೆದಿಡಬೇಕು. ಪ್ರತಿ ತಿಂಗಳೂ 20 ಬರುತ್ತದೆ. ಪ್ರತಿ ತಿಂಗಳೂ ಏಳೆಂಟು ಜನ ಕೆಲಸ ಬಿಟ್ಟು ನನ್ನನ್ನು ದಾಟಿಸಲಿ ಅನ್ನುವುದು ಯಾವ ನ್ಯಾಯ?

ಅತ್ತೆ ಆ ಮಳೆಗಾಲದಲ್ಲೇ ಅಂಗಳದ ಪಾಚಿಗೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನಡೆಯುವ ದಾರಿಗೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಅಂತ ಅಜ್ಜ ಎರಡು ಸಲ ಹೇಳಿದ್ದರು, ನಾವು ಹಾಸಿರಲಿಲ್ಲ. ಮಣಿಕಟ್ಟಿಗೆ ಶಿರಸಿ ಸಾಕಾಯಿತು. ಮೇಲಿನ ಮನೆಯವರಿಗೆ ಎದೆನೋವು ಬಂದಾಗ ಸಾಕಾಗಲಿಲ್ಲ. ನಡುರಾತ್ರಿ ಹೊರಟು ಹುಬ್ಬಳ್ಳಿ ಸೇರುವಾಗ ಮೂರೂವರೆ ಗಂಟೆ ಕಳೆದಿತ್ತು. ಬದುಕಿದರು, ಪುಣ್ಯ. ಜಿಲ್ಲೆಗೊಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದ ಜನ ವರ್ಷಗಟ್ಟಲೆ ಕೂಗುತ್ತಿರುವುದು ಯಾಕೆ ಅಂತ ಆ ರಾತ್ರಿ ಗೊತ್ತಾಯಿತು. 2022ರಲ್ಲಿ ‘ನೋ ಹಾಸ್ಪಿಟಲ್, ನೋ ವೋಟ್’ ಅಂತ ಮೊಬೈಲುಗಳಲ್ಲಿ ಓಡಾಡಿದಾಗ ನಾನು ಹೊಸಬಳು, ಸುಮ್ನೆ ಫಾರ್ವರ್ಡ್ ಮಾಡಿದ್ದೆ.

2024 ಹುಟ್ಟಿದ ಮೇಲೆ ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಜಾಸ್ತಿಯಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ರೋಗ, ಇಷ್ಟು ವರ್ಷವಾದರೂ ಇಲ್ಲೇ ಸುತ್ತುತ್ತಿದೆ. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ದರಕು ತರಲು ಹೋಗುವವರು ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಟ್ಟ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದರು. ನಾವು ಮಗನನ್ನು ಅಂಗಳ ಬಿಟ್ಟು ಕಳಿಸಲಿಲ್ಲ. ಕಾಡು ನೋಡಲಿ ಅಂತ ಕರೆತಂದ ಮಗು ಜಗಲಿಯಲ್ಲಿ ಕೂತು ಟ್ಯಾಬ್ ನೋಡುತ್ತಿತ್ತು.

ಆಮೇಲೆ ಏಪ್ರಿಲ್ ಬಂತು. ಹಿಂದಿನ ಮಳೆಗಾಲ ಕೈಕೊಟ್ಟದ್ದರ ಫಲ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ ಅದು. ಅಬ್ಬಿ ನೀರು ಮೊದಲು ಹೆಬ್ಬೆರಳಿನಷ್ಟಾಯಿತು, ಆಮೇಲೆ ಪೆನ್ಸಿಲಿನಷ್ಟು, ಆಮೇಲೆ ದಾರದಷ್ಟು. ಒಂದು ಬೆಳಿಗ್ಗೆ ಎದ್ದಾಗ ಏನೋ ಬದಲಾಗಿದೆ ಅನ್ನಿಸಿತು. ಸದ್ದಿಲ್ಲ. ಎರಡು ವರ್ಷದಿಂದ ಹಗಲೂ ರಾತ್ರಿ ಕೇಳುತ್ತಿದ್ದ ನೀರಿನ ಸದ್ದು ನಿಂತಿತ್ತು. ಮೊದಲ ರಾತ್ರಿ ನಿದ್ದೆ ಕೆಡಿಸಿದ್ದೂ ಅದೇ, ಈಗ ಎಬ್ಬಿಸಿದ್ದೂ ಅದೇ. ಕೆಳಗಿನ ಅಜ್ಜನ ಬಾವಿಯಿಂದ ಕೊಡದಲ್ಲಿ ಹೊತ್ತೆ. ಸೊಂಟದ ಮೇಲೆ ಕೊಡ ಕೂತ ತಕ್ಷಣ ಸೊಂಟಕ್ಕೆ ಎಲ್ಲ ನೆನಪಾಯಿತು. ಹತ್ತನೇ ವಯಸ್ಸಿನಲ್ಲಿ ಚಳ್ಳಕೆರೆಯ ಬೀದಿ ನಲ್ಲಿಯಿಂದ ಹೊತ್ತ ಅದೇ ಬಾಗು. ಅವ್ವ ಫೋನು ಮಾಡಿ ‘ಅಲ್ಲಿ ಮಳೆ ಆಯ್ತಾ?’ ಅಂದಾಗ ಆ ಸಲ ಸುಳ್ಳು ಹೇಳಬೇಕಾಗಲಿಲ್ಲ.

ನಾಗರಭಾವಿಯ ಹಳೆಯ ಪಕ್ಕದ ಮನೆಯವರೂ ಅದೇ ವಾರ ಫೋನು ಮಾಡಿದ್ದರು. ಬೋರ್ ಬತ್ತಿದೆ, ಟ್ಯಾಂಕರಿನವನು ಫೋನು ಎತ್ತುತ್ತಿಲ್ಲ, ‘ನೀವು ಪುಣ್ಯ ಮಾಡಿದ್ದೀರಿ, ಮಲೆನಾಡಿಗೆ ಹೋಗಿದ್ದೀರಿ’ ಅಂದರು. ನಾನು ಬಾವಿಕಟ್ಟೆಯ ಮೇಲೆ ಕೂತು ಹ್ಞೂಂ ಅಂದೆ.

ಆ ಸಂಜೆ ಅಜ್ಜನ ಹತ್ತಿರ ಹೇಳಿದೆ, ಹಳ್ಳಿಯಲ್ಲಿ ಇರಬೇಕೋ ಪೇಟೆಗೆ ಹೋಗಬೇಕೋ ಗೊತ್ತಾಗುತ್ತಿಲ್ಲ ಅಂತ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಕವಳ ಮಡಿಚುತ್ತ, ‘ಎರಡೂ ಬೇಕಲಿ?’ ಅಂದರು. ಅವರಿಗೆ ಶಿರಸಿಯಲ್ಲಿ ಸೈಟಿದೆ. ಊರಿನ ಮುಕ್ಕಾಲು ಮನೆಯವರಿಗೆ ಇದೆ. ನನಗೆ ಅದು ಎರಡು ವರ್ಷ ಗೊತ್ತೇ ಇರಲಿಲ್ಲ. ಮೊಮ್ಮಗಳು ಅಲ್ಲೇ ರೂಮು ಮಾಡಿಕೊಂಡು ಪಿಯುಸಿ ಓದುತ್ತಾಳೆ. ಅಡಿಕೆ ಹೋಗುವುದು ಅಲ್ಲಿನ ತೋಟಗಾರರ ಸೊಸೈಟಿಗೆ. ಅದು 1923ರಲ್ಲಿ ಶುರುವಾದದ್ದು. ಅಜ್ಜನ ಅಪ್ಪ ಎತ್ತಿನ ಗಾಡಿಯಲ್ಲಿ ಮೂಟೆ ಹೇರಿಕೊಂಡು ಹೋಗಿ, ವ್ಯಾಪಾರ ಮುಗಿಸಿ, ರಾತ್ರಿ ಅಲ್ಲೇ ಉಳಿದು ಬರುತ್ತಿದ್ದರಂತೆ. ಅಕ್ಕಿ, ಬಟ್ಟೆ, ಸಾಲ, ಹಲ್ಲಿನ ಡಾಕ್ಟರು ಎಲ್ಲ ಶಿರಸಿ. ಮಗ ಬೆಂಗಳೂರು, ಹಾರ್ಟಿನ ಡಾಕ್ಟರು ಹುಬ್ಬಳ್ಳಿ. ‘ನೀವು ಎಲ್ಲಾ ಒಂದೇ ಕಡೆ ಸಿಗೂದು ಅಂತ ತಿಳ್ಕಂಡು ಬಂದ್ರಿ ತಂಗಿ. ನಮಗೆ ಯಾವತ್ತೂ ಹಾಂಗೆ ಸಿಕ್ಕಿದ್ದೇ ಇಲ್ಲ.’

ರಾತ್ರಿ ಯೋಚಿಸಿದರೆ ನಮ್ಮ ಕಡೆಯೂ ಹಾಗೇ ಅಲ್ವಾ ಅನ್ನಿಸಿತು. ಅಪ್ಪ ಬದುಕಿದ್ದಾಗ ಹೊಲ ಊರಿನಲ್ಲಿ, ಶೇಂಗಾ ಮಾರುವುದು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ, ನನ್ನ ಕಾಲೇಜು ಚಿತ್ರದುರ್ಗ, ಬರ ಬಿದ್ದ ವರ್ಷ ಚಿಕ್ಕಪ್ಪ ಕಾಫಿ ಸೀಮೆಗೆ ಕೂಲಿಗೆ. ಹಳ್ಳಿಯೋ ಪಟ್ಟಣವೋ ಅಂತ ಯಾರೂ ಕೂತು ಚರ್ಚೆ ಮಾಡಿರಲಿಲ್ಲ. ಒಂದೇ ಸಂಸಾರ ನಾಲ್ಕು ಊರಿಗೆ ಕಾಲು ಚಾಚಿಕೊಂಡಿತ್ತು. ಬೆಂಗಳೂರಿನಲ್ಲಿ 14 ವರ್ಷ ಇದ್ದು ನಾವು ಅದನ್ನು ಮರೆತಿದ್ದೆವು. ಬೇಕಾದ್ದೆಲ್ಲ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತಿದ್ದರೆ ಇನ್ನೇನಾಗುತ್ತದೆ?

2024ರ ಮೇ ಕೊನೆಗೆ ಶಿರಸಿ ಪೇಟೆಗೆ ಬಂದೆವು. ಕೋಟೆಕೆರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮಹಡಿ ಮನೆ, ಬಾಡಿಗೆ 9,000. ಬೆಂಗಳೂರಿನ ಗೆಳೆಯರು ‘ಅಯ್ಯೋ, ಸೋತು ಬಂದ್ರಾ?’ ಅಂದರು. ಅವರ ಲೆಕ್ಕದಲ್ಲಿ ಶಿರಸಿಯೂ ಹಳ್ಳಿಯೇ, ಆದರೂ ಸೋಲು ಅಂತ ಅವರಿಗೆ ಹೇಗೋ ಗೊತ್ತಾಯಿತು. ಅತ್ತೆಗಂತೂ ಮೊದಲ ದಿನವೇ ಜೀವ ಬಂತು. ಸಂಜೆ ಮಾರಿಕಾಂಬಾ ಗುಡಿಗೆ ತಾವೇ ನಡೆದು ಹೋಗುತ್ತಾರೆ, ದಾರಿಯಲ್ಲಿ ಮೂರು ಅಂಗಡಿಯವರನ್ನು ಮಾತಾಡಿಸುತ್ತಾರೆ. ಹಳ್ಳಿಯಲ್ಲಿ ಹೆಂಗಸರು ಒಳ್ಳೆಯವರೇ. ಆದರೆ ನಾಲ್ಕು ಜನ ಸೇರಿದರೆ ಮಾತು ಹವ್ಯಕ ಭಾಷೆಗೆ ಹೊರಳುತ್ತಿತ್ತು, ಅತ್ತೆ ನಗುವ ಜಾಗದಲ್ಲಿ ಅಂದಾಜಿನ ಮೇಲೆ ನಗುತ್ತಿದ್ದರು. ಮೊಟ್ಟೆಯನ್ನು ನಾನೀಗ ಪಾರದರ್ಶಕ ಕವರಿನಲ್ಲೇ ತರುತ್ತೇನೆ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ಊರಿನಲ್ಲಿ ಬೇಡರ ವೇಷ ಕುಣಿಯುತ್ತದೆ. ನಡುರಾತ್ರಿ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದೆವು. ಕರೆಂಟ್ ಇಲ್ಲೂ ಹೋಗುತ್ತದೆ, ನಲ್ಲಿ ನೀರಿಗೂ ಕಾಯಬೇಕು. 20ನೇ ತಾರೀಖು ಮಾತ್ರ ಈಗ ಬರೀ ಒಂದು ತಾರೀಖು.

ಮಗ ಹಳ್ಳಿಯ ಶಾಲೆಯನ್ನು ಇನ್ನೂ ಮರೆತಿಲ್ಲ. ಮೊದಲ ವರ್ಷ ಅವನು ಅಲ್ಲಿನ ಸರ್ಕಾರಿ ಶಾಲೆಗೇ ಹೋಗಿದ್ದ. ಒಟ್ಟು ಒಂಬತ್ತು ಮಕ್ಕಳು. ‘ಅಲ್ಲಿ ನಾನು ಕ್ಲಾಸಿಗೇ ಫಸ್ಟು’ ಅನ್ನುತ್ತಾನೆ. ಅವನ ಕ್ಲಾಸಿನಲ್ಲಿದ್ದವರು ಇಬ್ಬರು.

ಬಾಡಿಗೆ ಮನೆಯ ಕೀಲಿ ವಾಪಸ್ ಕೊಡಲು ಹೋದಾಗ ಮಾಲೀಕರು ತಗೊಳ್ಳಲಿಲ್ಲ. ‘ಇರ್ಲಿ, ಯಾರಾದ್ರೂ ಬಾಗಿಲು ತೆಗೀತಾ ಇರ್ಬೇಕು’ ಅಂದರು. ಬಾಡಿಗೆ ಬೇಡವೆಂದರು. ತಿಂಗಳಿಗೆ ಒಂದೆರಡು ಸಲ ಹೋಗಿ ಗುಡಿಸಿ, ಒಲೆ ಹಚ್ಚಿ ಮನೆಗೆ ಹೊಗೆ ಆಡಿಸಿ, ತೊಟ್ಟಿಗೆ ನೀರು ಬೀಳುವುದನ್ನು ಸ್ವಲ್ಪ ಹೊತ್ತು ಕೇಳಿ ಬರುತ್ತೇವೆ.

ಅಜ್ಜ ಇಳಿದು ಬರುವುದೇ ಈಗ ಜಾಸ್ತಿ. ಸೊಸೈಟಿ ಕೆಲಸಕ್ಕೆ ಬೆಳಗಿನ ಬಸ್ಸಿಗೆ ಬಂದರೆ ಮೊದಲು ನಮ್ಮ ಮನೆ. ಚೀಲ, ಕೊಡೆ, ಒಮ್ಮೊಮ್ಮೆ ಜೋನಿಬೆಲ್ಲದ ಡಬ್ಬಿ ಎಲ್ಲ ಜಗಲಿಯ ಮೂಲೆಯಲ್ಲಿಟ್ಟು, ‘ಸಂಜೆ ಹಾಲ್ಟಿಂಗ್ ಬಸ್ಸಿಗೆ ಹೋಗ್ತೆ, ಅಲ್ಲೀ ತನಕ ಇಲ್ಲಿರ್ಲಿ’ ಅಂತ ಪೇಟೆಗೆ ಹೋಗುತ್ತಾರೆ. ಮೊಮ್ಮಗಳು ರೂಮಿನಲ್ಲಿ ನೀರು ಬಾರದ ದಿನ ಬಂದು ತಲೆಸ್ನಾನ ಮಾಡಿಕೊಂಡು ಹೋಗುತ್ತಾಳೆ. ಅವರ ಪಕ್ಕದ ಮನೆಯವರ ಕೊರಿಯರ್ ನಮ್ಮ ವಿಳಾಸಕ್ಕೆ ಬರುತ್ತದೆ. ಮೊನ್ನೆ ಎಣಿಸಿದೆ, ಮೂಲೆಯಲ್ಲಿ ನಮ್ಮದಲ್ಲದ ನಾಲ್ಕು ಕೊಡೆಗಳಿವೆ.

ಕಳೆದ ವಾರ ಮಳೆ ಜೋರಾಗಿ ಹಾಲ್ಟಿಂಗ್ ಬಸ್ಸು ಹೋಗಲಿಲ್ಲ. ಅಜ್ಜ ನಮ್ಮಲ್ಲೇ ಉಳಿದರು. ಮಜ್ಜಿಗೆ ಅನ್ನ ಉಂಡು, ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಷ್ಟರಲ್ಲಿ ಅವ್ವನ ಫೋನು. ನಾನು ಅಡುಗೆಮನೆಯಲ್ಲಿದ್ದೆ, ಮಗ ಎತ್ತಿ ಸ್ಪೀಕರಿಗೆ ಹಾಕಿದ. ‘ಅಲ್ಲಿ ಮಳೆ ಆಯ್ತಾ?’

ಅಜ್ಜ ಬಗ್ಗಿ ಫೋನಿನ ಹತ್ತಿರ ಬಾಯಿ ತಂದು ಗಟ್ಟಿಯಾಗಿ ಹೇಳಿದರು, ‘ಇಲ್ಲಿ ಬಿಡ್ದೇ ಹೊಯ್ತಾ ಅದೆ ಅಮ್ಮಾ, ನಿಮ್ಮಲ್ಲಿ ಹೆಂಗೆ?’